ಕೋಡಿನ ವರ್ಣಾಂಕನ: ವೇಗ ಮತ್ತು ನಿಖರತೆಯ ಒಂದು ಚರಿತ್ರೆ

ಕೋಡಿಗೆ ಬಣ್ಣ ಹಚ್ಚಿ ತೋರಿಸುವ ಕ್ರಿಯೆಗೆ ಸಿಂಟ್ಯಾಕ್ಸ್ ಹೈಲೈಟಿಂಗ್ ಎಂಬ ಹೆಸರು ರೂಢವಾಗಿದ್ದರೂ, ಬಹುಕಾಲ ಅದರಲ್ಲಿ ವಾಕ್ಯರಚನೆಯ ಪಾತ್ರ ಅತ್ಯಲ್ಪವಾಗಿತ್ತು. ನಡೆಯುತ್ತಿದ್ದುದು ಬಹುಮಟ್ಟಿಗೆ ಪದವರ್ಗೀಕರಣ. ಹೆಸರಿಗೂ ಕ್ರಿಯೆಗೂ ಇರುವ ಈ ಅಂತರವನ್ನು ಗಿಟ್‌ಹಬ್ ತಾಣದ ಒಂದು ನಿರ್ಧಾರದ ಹಿನ್ನೆಲೆಯಲ್ಲಿ ನಾವಿಲ್ಲಿ ಪರಿಶೀಲಿಸುತ್ತೇವೆ.

2008ರಲ್ಲಿ ಆರಂಭವಾದ ಗಿಟ್‌ಹಬ್, ವರ್ಣಾಂಕನಕ್ಕೆ ಪಿಗ್ಮೆಂಟ್ಸ್ ಎಂಬ ತಂತ್ರಾಂಶವನ್ನು ನೆಚ್ಚಿಕೊಂಡಿತ್ತು. 2006ರಲ್ಲಿ ಬಿಡುಗಡೆಯಾದ ಇದು ಪೈಥಾನ್‌ನಲ್ಲಿ ರಚಿತವಾದುದು. ತಾಣವಾದರೋ ಮುಖ್ಯವಾಗಿ ರೂಬಿಯಲ್ಲಿ. ಹೀಗಾಗಿ ಬಣ್ಣ ಹಚ್ಚಲು ಪ್ರತ್ಯೇಕ ಪೈಥಾನ್ ಪ್ರಕ್ರಿಯೆಯ ನೆರವು ಬೇಕಿತ್ತು. 2014ರಲ್ಲಿ ತಾಣವು ವೇಗದ ಕಾರಣದಿಂದ ಅದನ್ನು ಕೈಬಿಟ್ಟು, ಟೆಕ್ಸ್ಟ್‌ಮೇಟ್ ಎಂಬ ಸಂಪಾದಕ ತಂತ್ರಾಂಶದ ಮಾದರಿಯ ವ್ಯಾಕರಣಗಳನ್ನು ಅಂಗೀಕರಿಸಿತು. ಪುಟಗಳು ಬೇಗ ತೆರೆದುಕೊಂಡವು. ಕೆಲವು ಭಾಷೆಗಳ ಬಣ್ಣ ಕೆಟ್ಟಿತು.

ಇದನ್ನು ಚಾಮ್‌ಸ್ಕಿ ಶ್ರೇಣಿಯಲ್ಲಿ ಮೇಲಿನಿಂದ ಕೆಳಗಿಳಿದ ಕಥನವೆಂದು ಓದುವ ಆಸೆ ಸಹಜ. ಆ ಓದು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಎರಡು ವ್ಯವಸ್ಥೆಗಳೂ ರೆಗ್ಯುಲರ್ ಎಕ್ಸ್‌ಪ್ರೆಶನ್‌ಗಳನ್ನೇ ಆಧರಿಸಿವೆ. ಎರಡರಲ್ಲಿಯೂ ಸಂದರ್ಭವನ್ನು ನೆನಪಿಡುವ ಸ್ಟ್ಯಾಕ್ ಇದೆ. ವ್ಯತ್ಯಾಸವಿರುವುದು ಬೇರೆಡೆ. ಪಿಗ್ಮೆಂಟ್ಸ್‌ನಲ್ಲಿ ನಿಯಮವು ಸಾಲುಗಳನ್ನು ದಾಟಬಹುದು, ನಿಯಮ ಸಾಲದೆಡೆ ಪೈಥಾನ್ ಕೋಡನ್ನೇ ಬರೆಯಬಹುದು. ಟೆಕ್ಸ್ಟ್‌ಮೇಟ್ ನಿಯಮಕ್ಕೆ ಕಾಣುವುದು ಒಮ್ಮೆಗೆ ಒಂದೇ ಸಾಲು.

ಸಾಲಿನಾಚೆ ನೋಡದವನಿಗೆ ಏನು ತಪ್ಪಿಹೋಗುತ್ತದೆ? ಸಿ ಭಾಷೆಯಲ್ಲಿ ಎರಡು ಹೆಸರುಗಳ ನಡುವಿನ ನಕ್ಷತ್ರಚಿಹ್ನೆ ಗುಣಾಕಾರವಾಗಬಹುದು, ಪಾಯಿಂಟರ್‌ನ ಘೋಷಣೆಯೂ ಆಗಬಹುದು. ಮೊದಲ ಹೆಸರು ಹಿಂದೆಲ್ಲೋ ಒಂದು ಟೈಪ್ ಆಗಿ ಘೋಷಿತವಾಗಿದೆಯೇ ಎಂಬುದು ತಿಳಿಯದೆ ನಿರ್ಣಯ ಅಸಾಧ್ಯ. ಕನ್ನಡದ ‘ಹತ್ತು’ ಸಂಖ್ಯೆಯೋ ಧಾತುವೋ ಎಂಬುದನ್ನು ಪದವೊಂದನ್ನೇ ನೋಡಿ ಹೇಳಲಾಗದಂತೆಯೇ ಇದು. (ಪದವರ್ಗ ಗುರುತಿಸುವ ತಂತ್ರಾಂಶಗಳೊಡನೆ ಹೆಣಗಿದವರಿಗೆ ಈ ಸಂಕಟ ಹೊಸದಲ್ಲ.)

ನಿಜವಾದ ಪದಾನ್ವಯ ಬಂದದ್ದು ನಂತರ. ಗಿಟ್‌ಹಬ್‌ನಲ್ಲಿದ್ದ ಮ್ಯಾಕ್ಸ್ ಬ್ರುನ್ಸ್‌ಫೆಲ್ಡ್ ರೂಪಿಸಿದ ಟ್ರೀ-ಸಿಟರ್ 2018ರಲ್ಲಿ ಆಟಮ್ ಸಂಪಾದಕವನ್ನು ಸೇರಿತು. ಅದು ಇಡೀ ಕಡತದ ರಚನಾವೃಕ್ಷವನ್ನು ಕಟ್ಟುತ್ತದೆ. ತಿದ್ದುಪಡಿಯಾದಾಗ ಬದಲಾದ ಭಾಗವನ್ನಷ್ಟೇ ಮರಳಿ ವಿಶ್ಲೇಷಿಸುತ್ತದೆ. ಸಂದಿಗ್ಧತೆ ಎದುರಾದಾಗ ಅದು ಬಳಸುವುದು ಜಿಎಲ್‌ಆರ್ ವಿಧಾನವನ್ನು. 1974ರಲ್ಲಿ ಬರ್ನಾರ್ಡ್ ಲ್ಯಾಂಗ್ ಇದಕ್ಕೆ ಸೈದ್ಧಾಂತಿಕ ನೆಲೆ ಒದಗಿಸಿದರು. 1980ರ ದಶಕದಲ್ಲಿ ಮಸಾರು ತೊಮಿತಾ ಇದನ್ನು ಬೆಳೆಸಿದ್ದು ಮಾನವ ಭಾಷೆಗಳ ವಿಶ್ಲೇಷಣೆಗಾಗಿ. ನಮ್ಮ ಶಿಸ್ತಿನ ಇತಿಹಾಸಗಳು ಈ ಮರುಬಳಕೆಗೆ ಇನ್ನಷ್ಟು ಗಮನ ಕೊಡಬೇಕಿತ್ತು.

ಆದರೆ ಸಂಪೂರ್ಣ ವ್ಯಾಕರಣ ಬರೆಯುವ ಶ್ರಮ ದೊಡ್ಡದು, ಮತ್ತು ಅದನ್ನು ಬರೆಯುವವರು ಆಯಾ ಭಾಷೆಯ ಬಳಕೆದಾರರೇ. ಬಳಕೆದಾರರು ವಿರಳವಾದಲ್ಲಿ ವ್ಯಾಕರಣವೂ ವಿರಳ. ಗಿಟ್‌ಹಬ್‌ನ ಭಾಷಾಪಟ್ಟಿಯಲ್ಲಿ ಟ್ರೀ-ಸಿಟರ್ ಭಾಗ್ಯ ಪಡೆದವು ಕೆಲವೇ. ಉಳಿದ ಬಹುಪಾಲು ಭಾಷೆಗಳನ್ನು ಅದು ಈಗಲೂ ಸಾಲುಸಾಲಾಗಿಯೇ ಓದುತ್ತದೆ.