ಗೆಳತಿಯರ ಒಲವು: ಜಪಾನಿನ ಹೂವಿನ ಕಥೆಗಳಿಂದ ಮಾಂಗಾದವರೆಗೆ

೧

ಒಂದು ಸಮಾಜವು ಏನನ್ನು ನಿಷೇಧಿಸಿತೆಂಬುದು ಅದರ ಶಾಸನಗಳಿಂದ ತಿಳಿಯುತ್ತದೆ. ಏನನ್ನು, ಎಷ್ಟು ಕಾಲದವರೆಗೆ, ಯಾವ ಕರಾರಿನ ಮೇಲೆ ಸಹಿಸಿತೆಂಬುದನ್ನು ತಿಳಿಯಬೇಕಾದರೆ ಅದರ ಕಥೆಗಳನ್ನೇ ಓದಬೇಕು. ಹುಡುಗಿಯರಿಬ್ಬರ ನಡುವಣ ಕೋಮಲವಾದ ಸ್ನೇಹವನ್ನೂ ಒಲವನ್ನೂ ವಸ್ತುವಾಗಿ ಉಳ್ಳ ಚಿತ್ರಕಥೆಗಳ ಒಂದು ಪ್ರಕಾರವೇ ಜಪಾನಿನಲ್ಲಿ ಬೆಳೆದು ಬಂದಿದೆ. ಅಲ್ಲಿ ಚಿತ್ರಕಥೆಗೆ ಮಾಂಗಾ ಎಂದು ಹೆಸರು. ಈ ಪ್ರಕಾರಕ್ಕೆ ಯುರಿ, ಎಂದರೆ ಲಿಲ್ಲಿ ಹೂವು, ಎಂದು ಹೆಸರು. ಇವುಗಳ ಇಂಗ್ಲಿಷ್ ಅನುವಾದಗಳು ಈಗ ನಮ್ಮ ನಗರಗಳಲ್ಲಿಯೂ ದೊರೆಯುತ್ತವೆ. ಎಳೆಯರು ಇವನ್ನು ಓದುವುದನ್ನು ಕಂಡ ಹಿರಿಯರು ಇದೊಂದು ನಿನ್ನೆ ಮೊನ್ನೆಯ ಹುಚ್ಚೆಂದು ಭಾವಿಸುವುದುಂಟು. ವಸ್ತುಸ್ಥಿತಿ ಹಾಗಿಲ್ಲ, ಇದರ ಬೇರು ನೂರು ವರ್ಷಗಳಿಗೂ ಹಿಂದಿನದು. ಆ ಬೇರನ್ನು ಗುರುತಿಸಿ, ಈ ಕಥೆಗಳ ಮುಕ್ತಾಯವು ಕಾಲದಿಂದ ಕಾಲಕ್ಕೆ ಹೇಗೆ ಮಾರ್ಪಟ್ಟಿತೆಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

೧೮೯೯ರಲ್ಲಿ ಜಪಾನ್ ಸರ್ಕಾರವು ಬಾಲಿಕಾ ಪ್ರೌಢಶಾಲೆಗಳನ್ನು ಕುರಿತು ಒಂದು ಆಜ್ಞೆಯನ್ನು ಹೊರಡಿಸಿತು. ಪ್ರತಿಯೊಂದು ಪ್ರಾಂತವೂ ಅಂಥ ಒಂದು ಶಾಲೆಯನ್ನಾದರೂ ಸ್ಥಾಪಿಸತಕ್ಕದ್ದೆಂದು ಅದು ವಿಧಿಸಿತು. ಒಳ್ಳೆಯ ಮಡದಿಯರನ್ನೂ ವಿವೇಕವುಳ್ಳ ತಾಯಂದಿರನ್ನೂ ಸಿದ್ಧಪಡಿಸುವುದು ಅದರ ಗುರಿಯಾಗಿದ್ದಿತು. ಆದರೆ ಶಾಸನ ಮಾಡುವವರು ಎಣಿಸದ ಇನ್ನೊಂದು ಫಲವೂ ಒದಗಿತು. ಬಾಲ್ಯಕ್ಕೂ ಮದುವೆಗೂ ನಡುವೆ, ಮೊದಲು ಇಲ್ಲದಿದ್ದ ಕೆಲವು ವರ್ಷಗಳು ಹೆಣ್ಣಿನ ಬಾಳಿನಲ್ಲಿ ಹೊಸದಾಗಿ ಹುಟ್ಟಿಕೊಂಡುವು. ಆ ವರ್ಷಗಳಲ್ಲಿ ಆಕೆ ತವರಿನ ಮಗುವೂ ಅಲ್ಲ, ಅತ್ತೆಮನೆಯ ಸೊಸೆಯೂ ಅಲ್ಲ. ಈ ವಯಸ್ಸಿನವಳಿಗೆ ಶೋಜೊ ಎಂಬ ಹೆಸರು ರೂಢವಾಯಿತು.

ಓದು ಕಲಿತ ಈ ಹುಡುಗಿಯರಿಗಾಗಿ ಪತ್ರಿಕೆಗಳು ಹೊರಟುವು: ೧೯೦೬ರಲ್ಲಿ ‘ಶೋಜೊ ಸೆಕಾಯ್’, ೧೯೦೮ರಲ್ಲಿ ‘ಶೋಜೊ ನೊ ತೊಮೊ’, ೧೯೧೨ರಲ್ಲಿ ‘ಶೋಜೊ ಗಾಹೋ’. ಇವುಗಳಲ್ಲಿ ಕಥೆಗಳಷ್ಟೇ ಮುಖ್ಯವಾದುವು ವಾಚಕಿಯರ ಪತ್ರಗಳ ಅಂಕಣಗಳು. ದೂರದ ಊರುಗಳ ಹುಡುಗಿಯರು, ಒಬ್ಬರ ಮುಖವನ್ನೊಬ್ಬರು ಕಾಣದೆಯೇ, ಆ ಪುಟಗಳಲ್ಲಿ ಪರಸ್ಪರ ಮಾತನಾಡಿದರು.

ಶಾಲೆಗಳಲ್ಲಿ ಹಿರಿಯ ತರಗತಿಯವಳೊಬ್ಬಳೂ ಕಿರಿಯ ತರಗತಿಯವಳೊಬ್ಬಳೂ ವಿಶೇಷವಾದ ಗೆಳತಿಯರಾಗುವುದು ಒಂದು ಪದ್ಧತಿಯೇ ಆಯಿತು. ಇದನ್ನು ಅವರು ‘ಎಸ್’ ಎಂದು ಕರೆದರು. ‘ಸಿಸ್ಟರ್’ ಎಂಬ ಇಂಗ್ಲಿಷ್ ಪದದ ಮೊದಲ ಅಕ್ಷರವದು. ಪತ್ರಗಳನ್ನು, ಹೂಗಳನ್ನು, ಸಣ್ಣ ಕಾಣಿಕೆಗಳನ್ನು ಕೊಟ್ಟು ತೆಗೆದುಕೊಳ್ಳುವುದು ಇದರ ಆಚಾರ. ಇನ್ನೊಬ್ಬಳೊಡನೆ ಅಂಥದೇ ಸಖ್ಯ ಬೆಳೆಸಿದರೆ ಅದು ದ್ರೋಹ. ತಾಯಿತಂದೆಗಳೂ ಶಿಕ್ಷಕರೂ ಬಹುಮಟ್ಟಿಗೆ ಇದನ್ನು ಸಹಿಸಿದರು. ಗಂಡುಹುಡುಗರ ಸಹವಾಸಕ್ಕಿಂತ ಇದು ನಿರಪಾಯವೆಂಬುದು ಒಂದು ಕಾರಣ. ಶಾಲೆ ಮುಗಿದೊಡನೆ ತಾನಾಗಿಯೇ ಮುಗಿಯುವುದೆಂಬ ಭರವಸೆ ಇನ್ನೊಂದು. ಆ ಭರವಸೆ ಎಷ್ಟು ತೆಳುವಾದುದೆಂಬುದನ್ನು ೧೯೧೧ರ ಒಂದು ದುರಂತ ತೋರಿಸಿತು. ಟೋಕಿಯೊ ನಗರದ ಬಾಲಿಕಾ ಪ್ರೌಢಶಾಲೆಯಿಂದ ತೇರ್ಗಡೆಯಾಗಿ ಹೊರಬಂದಿದ್ದ ಇಬ್ಬರು ಗೆಳತಿಯರು ನೀಗಾಟಾ ಪ್ರಾಂತದ ಕಡಲಿನಲ್ಲಿ ಒಟ್ಟಾಗಿ ಪ್ರಾಣ ಬಿಟ್ಟರು. ಪತ್ರಿಕೆಗಳಲ್ಲಿ ಚರ್ಚೆ ಎದ್ದಿತು. ಗೆಳೆತನದಲ್ಲಿಯೂ ‘ಹಿತವಾದುದು’, ‘ಅಹಿತವಾದುದು’ ಎಂಬ ವಿಂಗಡಣೆ ತೊಡಗಿತು.

೩

ಇಂಥ ಕಾಲದಲ್ಲಿ ಯೊಶಿಯಾ ನೊಬುಕೊ (೧೮೯೬–೧೯೭೩) ಬರೆಯಲು ತೊಡಗಿದಳು. ೧೯೧೬ರಲ್ಲಿ ‘ಶೋಜೊ ಗಾಹೋ’ದಲ್ಲಿ ಆಕೆಯ ‘ಹಾನಾ ಮೊನೊಗಾತಾರಿ’, ಎಂದರೆ ಹೂವಿನ ಕಥೆಗಳು, ಆರಂಭವಾದುವು. ಒಟ್ಟು ೫೨ ಕಥೆಗಳು. ಒಂದೊಂದಕ್ಕೆ ಒಂದೊಂದು ಹೂವಿನ ಹೆಸರು. ಅಲಂಕಾರಭರಿತವಾದ, ವಾಕ್ಯದ ನಡುವೆಯೇ ನಿಟ್ಟುಸಿರಿಡುವಂಥ ಆ ಶೈಲಿಯನ್ನು ವಿಮರ್ಶಕರು ಹಗುರವಾಗಿ ಕಂಡರು. ಹುಡುಗಿಯರು ಅದನ್ನು ತಮ್ಮ ನುಡಿಯೆಂದೇ ಕೈಕೊಂಡರು. ಈ ಕಥೆಗಳಲ್ಲಿ ಹೆಚ್ಚಿನವು ಅಗಲಿಕೆಯಲ್ಲಿ ಮುಗಿಯುತ್ತವೆ. ಹೂವು ಬಾಡುವಂತೆ ಒಲವೂ ಬಾಡುತ್ತದೆ; ಉಳಿಯುವುದು ನೆನಪಿನ ಪರಿಮಳ ಮಾತ್ರ. ಸಮಾಜವು ಹಾಕಿದ್ದ ಕರಾರಿಗೆ ಈ ಮುಕ್ತಾಯವು ಸರಿಯಾಗಿ ಹೊಂದುತ್ತಿದ್ದಿತು.

ಆದರೆ ಆಕೆ ಅಷ್ಟಕ್ಕೇ ನಿಲ್ಲಲಿಲ್ಲ. ೧೯೧೯ರಲ್ಲಿ ಬರೆದ ‘ಯಾನೆಉರಾ ನೊ ನಿಶೋಜೊ’ ಎಂಬ ಕಾದಂಬರಿಯಲ್ಲಿ ವಸತಿಗೃಹವೊಂದರ ಅಟ್ಟದ ಮೇಲೆ ವಾಸಿಸುವ ಇಬ್ಬರು ತರುಣಿಯರು ಕೊನೆಗೆ ಅಗಲುವುದಿಲ್ಲ. ಜೊತೆಯಾಗಿಯೇ ಬಾಳಲು ನಿಶ್ಚಯಿಸುತ್ತಾರೆ. ಲೇಖಕಿಯ ಬಾಳೂ ಅದೇ ದಾರಿ ಹಿಡಿಯಿತು. ೧೯೨೩ರಲ್ಲಿ ಪರಿಚಯವಾದ ಮೊನ್ಮಾ ಚಿಯೊ ಎಂಬಾಕೆಯೊಡನೆ ಯೊಶಿಯಾ ತನ್ನ ಕೊನೆಯವರೆಗೂ ಸಂಸಾರ ನಡೆಸಿದಳು. ೧೯೫೭ರಲ್ಲಿ ಆಕೆ ಮೊನ್ಮಾಳನ್ನು ವಿಧ್ಯುಕ್ತವಾಗಿ ದತ್ತುಪುತ್ರಿಯಾಗಿ ಸ್ವೀಕರಿಸಿದಳು. ಇಬ್ಬರ ವಯಸ್ಸಿಗೂ ಕೆಲವೇ ವರ್ಷಗಳ ಅಂತರ. ಇದನ್ನು ವಿಚಿತ್ರವೆನ್ನುವ ಮುನ್ನ ಒಂದು ಮಾತನ್ನು ಗಮನಿಸಬೇಕು. ಬ್ಯಾಂಕಿನ ಕೆಲಸದಲ್ಲಿರುವ ನನ್ನಂಥವರಿಗೆ ದಿನವೂ ಕಾಣುವ ಸತ್ಯವಿದು: ಒಬ್ಬರು ತೀರಿಕೊಂಡಾಗ ಕಾಗದವು ಕೇಳುವುದು ಪ್ರೀತಿಯನ್ನಲ್ಲ, ಸಂಬಂಧದ ಹೆಸರನ್ನು. ವಿವಾಹದ ಬಾಗಿಲು ಮುಚ್ಚಿದ್ದ ಇಬ್ಬರು ಹೆಂಗಸರಿಗೆ, ಆಸ್ತಿಯ ಹಕ್ಕನ್ನು ಭದ್ರಪಡಿಸಿಕೊಳ್ಳಲು ಕಾನೂನು ತೆರೆದಿಟ್ಟಿದ್ದ ಕಿಂಡಿ ದತ್ತಕವೊಂದೇ. ನಾಲ್ಕು ವರ್ಷಗಳಲ್ಲಿ ಮುಗಿಯಬೇಕಾದ ಒಲವೆಂದು ಸಮಾಜವು ಎಣಿಸಿದ್ದುದು ಇಲ್ಲಿ ಐವತ್ತು ವರ್ಷ ಬಾಳಿತು.

೪

ಈ ಕಥಾಪ್ರಕಾರದ ಜನಪ್ರಿಯತೆಗೆ ಇನ್ನೊಂದು ನಿದರ್ಶನ ಕಾವಾಬಾಟಾ ಯಾಸುನಾರಿಯವರ ಹೆಸರಿನಲ್ಲಿ ೧೯೩೭–೩೮ರಲ್ಲಿ ‘ಶೋಜೊ ನೊ ತೊಮೊ’ದಲ್ಲಿ ಪ್ರಕಟವಾದ ‘ಒತೊಮೆ ನೊ ಮಿನಾತೊ’. ಯೊಕೊಹಾಮಾದ ಮಿಶನರಿ ಶಾಲೆಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳ ಸ್ನೇಹಕ್ಕಾಗಿ ಇಬ್ಬರು ಹಿರಿಯ ವಿದ್ಯಾರ್ಥಿನಿಯರು ಹಂಬಲಿಸುವುದು ಅದರ ವಸ್ತು. ೧೯೬೮ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಈ ಲೇಖಕರ ಕೃತಿಗೆ ಮೂಲ ಕರಡನ್ನು ಸಿದ್ಧಪಡಿಸಿದವಳು ನಾಕಾಜಾತೊ ತ್ಸುನೆಕೊ ಎಂಬ ಲೇಖಕಿಯೆಂಬುದು ಬಳಿಕ ಬೆಳಕಿಗೆ ಬಂದ ಹಸ್ತಪ್ರತಿಗಳಿಂದ ತಿಳಿಯುತ್ತದೆ. ಅಕುತಾಗಾವಾ ಪಾರಿತೋಷಕ ಪಡೆದ ಮೊದಲ ಮಹಿಳೆ ಈಕೆಯೇ. ಹುಡುಗಿಯರ ಅಂತರಂಗವನ್ನು ಕುರಿತ ಕಥೆಯಲ್ಲಿಯೂ ಹೆಣ್ಣಿನ ಕೈ ಮರೆಯಾಗಿಯೇ ಇದ್ದಿತು.

ಯುದ್ಧಾನಂತರ, ೧೯೪೭ರ ಶಿಕ್ಷಣ ಶಾಸನದಿಂದ ಹಳೆಯ ಬಾಲಿಕಾ ಪ್ರೌಢಶಾಲೆಗಳ ವ್ಯವಸ್ಥೆ ಕೊನೆಗೊಂಡಿತು. ಸಹಶಿಕ್ಷಣ ಹರಡಿತು, ‘ಎಸ್’ ಕಥೆಗಳು ಹಿಂದೆ ಸರಿದುವು. ಹಾಗಾದರೆ ಹಳೆಯ ಕಥೆಗಳಿಗೂ ಮುಂದಿನ ಮಾಂಗಾಗಳಿಗೂ ಸಂಬಂಧವೆಲ್ಲಿಂದ, ಎಂಬ ಶಂಕೆ ಇಲ್ಲಿ ಏಳಬಹುದು. ಉತ್ತರವನ್ನು ಎರಡು ಕಡೆ ಅರಸಬಹುದು. ಒಂದು, ಚಿತ್ರಗಳು: ನಾಕಾಹಾರಾ ಜುನ್‌ಇಚಿ ಈ ಕಥೆಗಳಿಗಾಗಿ ಬರೆದ ವಿಶಾಲನಯನೆಯರಾದ ತರುಣಿಯರು ಮುಂದಿನ ಚಿತ್ರಕಾರರ ಕಣ್ಣಿನಲ್ಲಿ ಉಳಿದರು. ಇನ್ನೊಂದು, ರಂಗಭೂಮಿ: ತನ್ನ ರೈಲುಹಾದಿಗೆ ಪ್ರಯಾಣಿಕರನ್ನು ಸೆಳೆಯಲು ಕೊಬಾಯಾಶಿ ಇಚಿಜೋ ಎಂಬ ಉದ್ಯಮಿ ೧೯೧೩ರಲ್ಲಿ ತಾಕಾರಾಜುಕಾ ಎಂಬಲ್ಲಿ ಕೇವಲ ಹೆಣ್ಣುಮಕ್ಕಳ ತಂಡವನ್ನು ಕಟ್ಟಿದನು. ಅಲ್ಲಿ ನಾಯಕನೂ ಹೆಣ್ಣೇ, ನಾಯಿಕೆಯೂ ಹೆಣ್ಣೇ. ಆ ಊರಿನಲ್ಲಿ ಬೆಳೆದ ತೆಜುಕಾ ಒಸಾಮು ೧೯೫೩ರಲ್ಲಿ ಆರಂಭಿಸಿದ ‘ರಿಬೊನ್ ನೊ ಕಿಶಿ’ಯಲ್ಲಿ ಗಂಡಿನ ವೇಷದ ರಾಜಕುಮಾರಿಯನ್ನು ಚಿತ್ರಿಸಿದನು. ಹುಡುಗಿಯರ ಮಾಂಗಾ ಈ ರಂಗಸ್ಥಳದ ಬೆಳಕಿನಲ್ಲಿಯೇ ಬೆಳೆಯಿತೆನ್ನಬಹುದು.

೫

೧೯೭೧ರಲ್ಲಿ ಯಾಮಾಗಿಶಿ ರ್‍ಯೋಕೊ ಬರೆದ ‘ಶಿರೊಯ್ ಹೆಯಾ ನೊ ಫುತಾರಿ’ ಪ್ರಕಟವಾಯಿತು. ಇದನ್ನು ಯುರಿ ಮಾಂಗಾಗಳಲ್ಲಿ ಮೊದಲನೆಯದೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ಕಥೆ ನಡೆಯುವುದು ಫ್ರಾನ್ಸಿನ ಒಂದು ವಸತಿಶಾಲೆಯಲ್ಲಿ. ಲೋಕಾಪವಾದಕ್ಕೆ ಅಂಜಿ ಒಬ್ಬಳು ದೂರ ಸರಿಯುತ್ತಾಳೆ, ಇನ್ನೊಬ್ಬಳು ಮರಣ ಹೊಂದುತ್ತಾಳೆ. ಆ ಕಾಲದ ಇಂಥ ಕಥೆಗಳಿಗೆ ದುರಂತವೇ ಸುಂಕವಾಗಿದ್ದಿತು. ಒಲವನ್ನು ತೋರಿಸಬಹುದು, ತೋರಿಸಿದ್ದಕ್ಕೆ ಸಾವಿನ ತೆರಿಗೆ ಕಟ್ಟಬೇಕು.

ಪ್ರಕಾರದ ಹೆಸರು ಬಂದದ್ದು ಇನ್ನೊಂದು ಕಡೆಯಿಂದ. ಪುರುಷಪ್ರೇಮಿ ಪುರುಷರಿಗಾಗಿ ಹೊರಡುತ್ತಿದ್ದ ‘ಬಾರಾಜೊಕು’ ಪತ್ರಿಕೆಯ ಸಂಪಾದಕ ಇತೋ ಬುಂಗಾಕು, ಗುಲಾಬಿ ಗಂಡಸರ ಕುಲದ ಗುರುತಾದರೆ ಲಿಲ್ಲಿ ಹೆಂಗಸರದಾಗಲೆಂದು, ೧೯೭೬ರಲ್ಲಿ ಅವರ ಪತ್ರಗಳಿಗೆ ಆ ಹೆಸರಿನ ಅಂಕಣವನ್ನು ತೆರೆದನು. ಇಲ್ಲಿಯೂ ಮೊದಲು ಬಂದುವು ವಾಚಕಿಯರ ಪತ್ರಗಳೇ ಎಂಬುದು ಗಮನಾರ್ಹ.

೧೯೯೮ರಿಂದ ಪುಸ್ತಕರೂಪದಲ್ಲಿ ಬರತೊಡಗಿದ ಕೊನ್ನೊ ಒಯುಕಿಯ ‘ಮಾರಿಯಾ-ಸಾಮಾ ಗಾ ಮಿತೆರು’ ಎಂಬ ಕಾದಂಬರಿಮಾಲೆ ಹಳೆಯ ಪದ್ಧತಿಯನ್ನು ಮತ್ತೆ ಚಿಗುರಿಸಿತು. ಕ್ಯಾಥೊಲಿಕ್ ಶಾಲೆಯೊಂದರಲ್ಲಿ ಹಿರಿಯಳು ಕಿರಿಯಳಿಗೆ ಜಪಸರವನ್ನಿತ್ತು ತಂಗಿಯಾಗಿ ಸ್ವೀಕರಿಸುತ್ತಾಳೆ. ‘ಸಿಸ್ಟರ್’ ಹೋಗಿ ಅದೇ ಅರ್ಥದ ಫ್ರೆಂಚ್ ಪದ ‘ಸರ್’ ಬಂದಿತು, ಭಾವ ಹಳೆಯದೇ. ಬಳಿಕ ೨೦೦೩ರಲ್ಲಿ ‘ಯುರಿ ಶಿಮಾಯ್’, ೨೦೦೫ರಲ್ಲಿ ‘ಕಾಮಿಕ್ ಯುರಿ ಹಿಮೆ’ ಎಂದು ಈ ಪ್ರಕಾರಕ್ಕೇ ಮೀಸಲಾದ ಪತ್ರಿಕೆಗಳು ಹುಟ್ಟಿದುವು.

ಹೊಸ ತಲೆಮಾರಿನ ಕೃತಿಗಳಲ್ಲಿ ಮುಕ್ತಾಯವೇ ಬದಲಾಗಿದೆ. ಶಿಮುರಾ ತಾಕಾಕೊ ಬರೆದ ‘ಅಒಯ್ ಹಾನಾ’ (೨೦೦೪–೨೦೧೩) ನಡೆಯುವುದು ಕಾಮಕುರಾದಲ್ಲಿ. ಯೊಶಿಯಾ ತನ್ನ ಕಡೆಯ ವರ್ಷಗಳನ್ನು ಕಳೆದ, ಆಕೆಯ ಮನೆ ಸ್ಮಾರಕವಾಗಿ ಉಳಿದಿರುವ ಊರದು. ಅದರ ಗೆಳತಿಯರು ಶಾಲೆಯನ್ನು ದಾಟಿಯೂ ಒಬ್ಬರನ್ನೊಬ್ಬರು ಕಳೆದುಕೊಳ್ಳುವುದಿಲ್ಲ. ನಾಕಾತಾನಿ ನಿಒ ಬರೆದ ‘ಯಾಗಾತೆ ಕಿಮಿ ನಿ ನಾರು’ (೨೦೧೫–೨೦೧೯) ತನ್ನ ಕೊನೆಯ ಅಧ್ಯಾಯದಲ್ಲಿ ಕೆಲವು ವರ್ಷ ಮುಂದಕ್ಕೆ ಸಾಗಿ, ಕಾಲೇಜಿನ ದಿನಗಳಲ್ಲಿಯೂ ಅವರಿಬ್ಬರೂ ಜೊತೆಯಾಗಿರುವುದನ್ನು ತೋರಿಸುತ್ತದೆ. ಅದೇ ೨೦೧೫ರಲ್ಲಿ ಟೋಕಿಯೊ ನಗರದ ಶಿಬುಯಾ ಮತ್ತು ಸೆತಾಗಾಯಾ ವಿಭಾಗಗಳು ಸಮಲಿಂಗ ಜೋಡಿಗಳ ಸಹಬಾಳ್ವೆಗೆ ಮನ್ನಣೆಯ ಪತ್ರ ನೀಡತೊಡಗಿದುವು. ಅದು ವಿವಾಹವಲ್ಲ, ಆದರೂ ೧೯೫೭ರ ದತ್ತಕಪತ್ರದಿಂದ ಅಲ್ಲಿಗೆ ಒಂದು ದಾರಿ ಸಾಗಿದೆಯೆಂಬುದು ಸ್ಪಷ್ಟ.

೬

ಹಿಂದಿನವರ ಸ್ನೇಹಕ್ಕೆಲ್ಲ ಇಂದಿನ ಹೆಸರುಗಳನ್ನು ಅಂಟಿಸುವುದು ಇತಿಹಾಸಕಾರನಿಗೆ ಸಲ್ಲದು. ‘ಎಸ್’ ಗೆಳತಿಯರಲ್ಲಿ ಅನೇಕರು ಮದುವೆಯಾಗಿ ನೆಮ್ಮದಿಯಿಂದ ಬಾಳಿರಬಹುದು. ಆದರೆ ‘ಅದು ಎಳೆತನದ ಆಟ ಮಾತ್ರ’ ಎಂದು ತೀರ್ಮಾನಿಸುವುದೂ ಅಷ್ಟೇ ತಪ್ಪು. ಆ ತೀರ್ಮಾನವನ್ನು ಕೊಟ್ಟವರು ಆ ಹುಡುಗಿಯರಲ್ಲ. ಅವರ ಬಾಳಿನ ಮುಂದಿನ ಪುಟವನ್ನು ಮೊದಲೇ ಬರೆದಿಟ್ಟಿದ್ದ ಹಿರಿಯರು.

ನಮ್ಮ ಕಾವ್ಯಗಳಲ್ಲಿ ಸಖಿ ಪದೇ ಪದೇ ಬರುತ್ತಾಳೆ. ನಾಯಿಕೆಯ ವಿರಹವನ್ನು ಕೇಳುವವಳು, ಶೈತ್ಯೋಪಚಾರ ಮಾಡುವವಳು, ನಾಯಕನ ಬಳಿಗೆ ಓಲೆ ಒಯ್ಯುವವಳು ಅವಳೇ. ಸಾಮಾನ್ಯವಾಗಿ ಓಲೆ ಅವಳ ಕೈಯಲ್ಲಿರುತ್ತದೆಯೇ ಹೊರತು ಅವಳ ಹೆಸರಿಗೆ ಇರುವುದಿಲ್ಲ. ಜಪಾನಿನ ಈ ಪರಂಪರೆಯಲ್ಲಿ ನಡೆದುದು ಇಷ್ಟೇ: ಓಲೆಯ ಮೇಲೆ ಸಖಿಯ ಹೆಸರನ್ನೇ ಬರೆದರು. ಮೊದಲು ಆ ಓಲೆ ಅಗಲಿಕೆಯನ್ನು ಸಾರಿತು, ಬಳಿಕ ಮರಣವನ್ನು. ಈಚೆಗೆ ಅದು ನಾಳೆಯ ಮಾತನ್ನಾಡುತ್ತಿದೆ. ಮನೆಯ ಎಳೆಯರ ಕೈಯಲ್ಲಿ ಇಂಥ ಪುಸ್ತಕವೊಂದು ಕಂಡರೆ ಕಸಿದುಕೊಳ್ಳುವ ಮುನ್ನ, ಅದರ ಕೊನೆಯ ಪುಟದವರೆಗೆ ನಾವೂ ಒಮ್ಮೆ ಓದುವುದು ಉಚಿತವೆಂದು ತೋರುತ್ತದೆ.