ಕಡಲ ಒಡೆತನ, ಕಡಲ ಋಣ

ಪಶ್ಚಿಮ ಸಮುದ್ರದ ಮೇಲೆ ಯಾರ ಅಪ್ಪಣೆ ನಡೆಯಬೇಕೆಂಬ ಪ್ರಶ್ನೆ ನಮ್ಮ ಕರಾವಳಿಗೆ ಐದು ಶತಮಾನಗಳಷ್ಟು ಹಳೆಯದು. ಬಸರೂರಿನ ಅಕ್ಕಿ ಮತ್ತು ಹೊನ್ನಾವರದ ಮೆಣಸು ಸಾಗರದಾಚೆಗೆ ಸಾಗುತ್ತಿದ್ದ ಕಾಲವದು. ವಿಜಯನಗರದ ಅಶ್ವಸೇನೆಗೆ ಬೇಕಾದ ಅರಬ್ಬೀ ಕುದುರೆಗಳು ಭಟ್ಕಳದ ದಡಕ್ಕೆ ಬಂದಿಳಿಯುತ್ತಿದ್ದ ಕಾಲ. ಆಗ ಮಾರುತಗಳಿಗಷ್ಟೇ ಅಧೀನವಾಗಿದ್ದ ಜಲಮಾರ್ಗಕ್ಕೆ ಪೋರ್ಚುಗೀಸರು ಹದಿನಾರನೆಯ ಶತಮಾನದಲ್ಲಿ ಬೇಲಿ ಹಾಕಿದರು. ಕಾರ್ತಾಜ್ ಎಂಬ ಅವರ ರಹದಾರಿ ಪತ್ರವಿಲ್ಲದೆ ಸಂಚರಿಸಿದ ಹಡಗು ಸರಕುಸಮೇತ ಅವರ ವಶವಾಗುತ್ತಿತ್ತು. ಉಳ್ಳಾಲದ ರಾಣಿ ಅಬ್ಬಕ್ಕ ಅವರಿಗೆ ಕಪ್ಪವೊಪ್ಪಿಸಲು ನಿರಾಕರಿಸಿ ಶಸ್ತ್ರ ಹಿಡಿದದ್ದು ಸಿಂಹಾಸನದ ರಕ್ಷಣೆಗೆ ಎಷ್ಟೋ, ತನ್ನ ಬಂದರಿನ ವಾಣಿಜ್ಯಸ್ವಾತಂತ್ರ್ಯಕ್ಕೂ ಅಷ್ಟೇ. ಸ್ವದೇಶದ ನೀರಿನಲ್ಲಿ ಸ್ವದೇಶದ ನೌಕೆ ಪರರ ಅನುಮತಿ ಬೇಡಬೇಕೆ ಎಂಬ ಆ ಪ್ರಶ್ನೆಯನ್ನು ಮುಂದಿನ ಪ್ರತಿ ಯುಗವೂ ತನ್ನದೇ ಆಯುಧಗಳಿಂದ ಎದುರಿಸಬೇಕಾಯಿತು.

ಪೋರ್ಚುಗೀಸರ ಪ್ರತಾಪ ಅಸ್ತಮಿಸಿ ಆಂಗ್ಲರ ಪ್ರಾಬಲ್ಯ ಉದಯಿಸಿದಾಗಲೂ ಭಾರತೀಯ ನೌಕಾಶಿಲ್ಪದ ಕೀರ್ತಿ ಮಸುಕಾಗಿರಲಿಲ್ಲ. 1736ರಲ್ಲಿ ಸೂರತ್ತಿನಿಂದ ಮುಂಬಯಿಗೆ ಬಂದ ಲವ್ಜಿ ನುಸರ್ವಾನ್‌ಜಿ ವಾಡಿಯಾ ಅವರ ವಂಶಸ್ಥರು ತಲೆಮಾರುಗಳ ಕಾಲ ತೇಗದ ಮರದಲ್ಲಿ ಮಹಾನೌಕೆಗಳನ್ನು ಕಡೆದರು. ಅವರು 1813ರಲ್ಲಿ ಪೂರೈಸಿದ ಕಾರ್ನ್‌ವಾಲಿಸ್ ನೌಕೆಯ ಮೇಲೆಯೇ 1842ರಲ್ಲಿ ಚೀನಾ ಮತ್ತು ಬ್ರಿಟನ್ನಿನ ನಡುವಣ ನಾನ್‌ಕಿಂಗ್ ಒಪ್ಪಂದಕ್ಕೆ ಸಹಿ ಬಿತ್ತು. 1817ರಲ್ಲಿ ನೀರಿಗಿಳಿದ ಟ್ರಿಂಕೋಮಲಿ ಇಂದಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ತೇಲುತ್ತಿದೆ. ಆದರೆ ಕಬ್ಬಿಣ ಮತ್ತು ಉಗಿಯ ಯುಗ ಕಾಲಿಟ್ಟೊಡನೆ ವಿಧಿಯ ಚಕ್ರ ತಿರುಗಿತು. ಬಂಡವಾಳ, ಯಂತ್ರ, ಸರಕಾರದ ಅಂಚೆ ಗುತ್ತಿಗೆ, ಎಲ್ಲವೂ ಆಳುವವರ ಪಾಲಾದವು. 1856ರಲ್ಲಿ ವಿಲಿಯಂ ಮೆಕಿನನ್ ಸ್ಥಾಪಿಸಿದ ಕಂಪನಿ ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್ ಎಂಬ ಹೆಸರು ತಳೆದು ರಂಗೂನಿನಿಂದ ಪರ್ಷಿಯಾ ಕೊಲ್ಲಿಯವರೆಗೆ ತನ್ನ ಜಾಲ ಹರಡಿತು. ಅದು 1914ರಲ್ಲಿ ಪಿ ಅಂಡ್ ಓ ಕಂಪನಿಯೊಡನೆ ಒಂದಾಗಿ, ಲಾರ್ಡ್ ಇಂಚ್‌ಕೇಪ್ ಆ ಜಲಸಾಮ್ರಾಜ್ಯದ ಚುಕ್ಕಾಣಿ ಹಿಡಿದ.

ಈ ಸಾಮ್ರಾಜ್ಯದ ಶಸ್ತ್ರಾಗಾರದಲ್ಲಿ ಫಿರಂಗಿಗಿಂತ ಹರಿತವಾದ ಎರಡು ಆಯುಧಗಳಿದ್ದವು. ಒಂದು, ದರಸಮರ: ಹೊಸ ಕಂಪನಿಯೊಂದು ತಲೆಯೆತ್ತಿದೊಡನೆ ನಷ್ಟವನ್ನು ಲೆಕ್ಕಿಸದೆ ಸಾಗಣೆಯ ದರವನ್ನು ನೆಲಕ್ಕಿಳಿಸಿ, ಎದುರಾಳಿ ಮುಳುಗಿದ ಮೇಲೆ ಮತ್ತೆ ಏರಿಸುವುದು. ಇನ್ನೊಂದು, ಮುಂದೂಡಿದ ರಿಯಾಯಿತಿ: ವರ್ತಕ ತೆತ್ತ ಬಾಡಿಗೆಯ ಒಂದಂಶವನ್ನು ಕಂಪನಿಗಳ ಕೂಟ ತನ್ನಲ್ಲೇ ಇರಿಸಿಕೊಂಡು, ಮುಂದಿನ ಅವಧಿಯಲ್ಲೂ ಆತ ತಮ್ಮ ಹಡಗುಗಳಲ್ಲೇ ಸರಕು ಕಳಿಸಿದರೆ ಮಾತ್ರ ಹಿಂದಿರುಗಿಸುವುದು. ಒಂದೇ ಒಂದು ಮೂಟೆಯನ್ನು ಅನ್ಯರ ಹಡಗಿಗೇರಿಸಿದರೂ ಆ ಹಣ ಅವನ ಕೈತಪ್ಪುತ್ತಿತ್ತು. 1893ರಲ್ಲಿ ಜಪಾನಿನ ನಿಪ್ಪೋನ್ ಯೂಸೆನ್ ಕೈಶಾದ ಸಖ್ಯದಿಂದ ಜಮಷೇಟ್‌ಜಿ ಟಾಟಾ ಆರಂಭಿಸಿದ ನೌಕಾಸೇವೆ ದರಸಮರದಲ್ಲಿ ನೆಲಕಚ್ಚಿತು.

ಟಾಟಾ ಅವರಂಥ ಧನಿಕರೇ ಸೋತ ಕಣಕ್ಕೆ 1906ರಲ್ಲಿ ತೂತ್ತುಕುಡಿಯ ವಕೀಲರೊಬ್ಬರು ಇಳಿದರು. ವಿ.ಓ. ಚಿದಂಬರಂ ಪಿಳ್ಳೈ ಅವರ ಸ್ವದೇಶಿ ಸ್ಟೀಮ್ ನ್ಯಾವಿಗೇಶನ್ ಕಂಪನಿ ಜನರ ಷೇರುಹಣದಿಂದ ಗ್ಯಾಲಿಯಾ ಮತ್ತು ಲಾವೋ ಎಂಬ ಎರಡು ಹಡಗುಗಳನ್ನು ಕೊಂಡು ಕೊಲಂಬೊ ಮಾರ್ಗದಲ್ಲಿ ಓಡಿಸಿತು. ಬ್ರಿಟಿಷ್ ಕಂಪನಿ ಪ್ರಯಾಣದರವನ್ನು ಇಳಿಸುತ್ತ ಹೋಗಿ, ಕೊನೆಗೆ ಪುಕ್ಕಟೆಯಾಗಿ ಕರೆದೊಯ್ದು ಮೇಲೊಂದು ಕೊಡೆಯನ್ನೂ ಕೊಡಲು ಮುಂದಾಯಿತೆಂದು ಆ ನಾಡಿನ ಜನ ಇಂದಿಗೂ ಹೇಳುತ್ತಾರೆ. ದರದಿಂದ ಮಣಿಯದವರನ್ನು ದಂಡ ಮಣಿಸಿತು. 1908ರ ಮಾರ್ಚಿನಲ್ಲಿ ರಾಜದ್ರೋಹದ ಆರೋಪದ ಮೇಲೆ ಅವರ ಬಂಧನವಾಯಿತು, ನ್ಯಾಯಾಲಯ ಎರಡು ಜೀವಾವಧಿ ಶಿಕ್ಷೆಗಳನ್ನು ಘೋಷಿಸಿತು. ಮೇಲ್ಮನವಿಯಲ್ಲಿ ಶಿಕ್ಷೆ ತಗ್ಗಿ 1912ರ ಡಿಸೆಂಬರಿನಲ್ಲಿ ಬಿಡುಗಡೆಯಾದರೂ, ಅಷ್ಟರೊಳಗೆ ಅವರು ಕೊಯಮತ್ತೂರಿನ ಸೆರೆಮನೆಯಲ್ಲಿ ಎತ್ತಿನ ಬದಲು ಗಾಣ ಎಳೆದಿದ್ದರು, ಅವರ ಕಂಪನಿ ಅಳಿದುಹೋಗಿತ್ತು. ಹಡಗುಗಳು ಹೋದವು, ಹಡಗು ಓಡಿಸಬಲ್ಲೆವೆಂಬ ಅಭಿಮಾನ ಹೋಗಲಿಲ್ಲ.

ಆ ಅಭಿಮಾನ ಪುನರ್ಜನ್ಮ ಪಡೆದದ್ದು 1919ರಲ್ಲಿ. ವಾಲ್‌ಚಂದ್ ಹೀರಾಚಂದ್, ನರೋತ್ತಮ ಮೊರಾರ್ಜಿ, ಕಿಲಾಚಂದ್ ದೇವಚಂದ್, ಲಲ್ಲುಭಾಯಿ ಸಾಮಳದಾಸ್ ಎಂಬ ನಾಲ್ವರು ಸೇರಿ ಸಿಂಧಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿಯನ್ನು ಸ್ಥಾಪಿಸಿದರು. ಗ್ವಾಲಿಯರಿನ ಮಹಾರಾಜರಿಂದ ಕೊಂಡ ಲಾಯಲ್ಟಿ ಹಡಗು ಆ ವರ್ಷದ ಏಪ್ರಿಲ್ 5ರಂದು ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ಆ ದಿನವನ್ನೇ ನಾವು ಇಂದು ರಾಷ್ಟ್ರೀಯ ಕಡಲಯಾನ ದಿನವೆಂದು ಆಚರಿಸುತ್ತೇವೆ. ಇಂಚ್‌ಕೇಪನ ಕೂಟ ಮತ್ತೆ ದರಸಮರ ಸಾರಿತು. ಉಳಿವಿಗಾಗಿ ಸಿಂಧಿಯಾ 1923ರಲ್ಲಿ ಹತ್ತು ವರ್ಷಗಳ ಒಪ್ಪಂದಕ್ಕೆ ತಲೆಬಾಗಿ, ತನ್ನ ನೌಕಾಬಲವನ್ನು 75,000 ಟನ್ನಿಗೆ ಮಿತಿಗೊಳಿಸಿ, ಕರಾವಳಿಯ ಸರಕು ಸಾಗಣೆಗಷ್ಟೇ ತೃಪ್ತಿಪಟ್ಟಿತು. ತನ್ನದೇ ದೇಶದ ತೀರದಲ್ಲಿ ಭಾರತೀಯ ಕಂಪನಿಯೊಂದು ಎಷ್ಟು ಬೆಳೆಯಬೇಕೆಂಬುದನ್ನು ಪರಕೀಯರು ನಿಶ್ಚಯಿಸಿದ ಆ ಅಪಮಾನವೇ ಮುಂದಿನ ಹೋರಾಟದ ಬೀಜವಾಯಿತು. 1928ರಲ್ಲಿ ಎಸ್.ಎನ್. ಹಾಜಿ ಅವರು ಕರಾವಳಿ ಸಾಗಣೆಯನ್ನು ಭಾರತೀಯ ಹಡಗುಗಳಿಗೆ ಮೀಸಲಿಡುವ ಮಸೂದೆಯನ್ನು ಕೇಂದ್ರ ಶಾಸನಸಭೆಯಲ್ಲಿ ಮಂಡಿಸಿದರು. ಅದು ಕಾಯಿದೆಯಾಗಲಿಲ್ಲ. ಆದರೆ ಸಮುದ್ರದ ಹಕ್ಕು ಸ್ವರಾಜ್ಯದ ಅಂಗವೆಂಬ ಮಾತು ದೇಶದ ಮನಸ್ಸಿನಲ್ಲಿ ಬೇರೂರಿತು.

ಹಡಗು ಓಡಿಸಿದರಷ್ಟೇ ಸಾಲದು, ಕಟ್ಟಲೂ ಬೇಕೆಂಬ ಸಂಕಲ್ಪದಿಂದ ವಾಲ್‌ಚಂದ್ ವಿಶಾಖಪಟ್ಟಣದ ತೀರವನ್ನು ಆರಿಸಿಕೊಂಡರು. 1941ರ ಜೂನ್ 21ರಂದು ಬಾಬು ರಾಜೇಂದ್ರ ಪ್ರಸಾದರು ಶಿಪ್‌ಯಾರ್ಡಿನ ಶಿಲಾನ್ಯಾಸ ನೆರವೇರಿಸಿದರು. ವರ್ಷ ತುಂಬುವ ಮೊದಲೇ, 1942ರ ಏಪ್ರಿಲಿನಲ್ಲಿ, ಜಪಾನಿನ ಬಾಂಬುಗಳು ಆ ನಗರದ ಮೇಲೆ ಬಿದ್ದವು. ಕೆಲಸ ಕುಂಟಿತು, ನಿಲ್ಲಲಿಲ್ಲ. 1948ರ ಮಾರ್ಚ್ 14ರಂದು ಜವಾಹರಲಾಲ್ ನೆಹರೂ ಅವರ ಹಸ್ತದಿಂದ ಜಲ ಉಷಾ ಎಂಬ ಹಡಗು ನೀರಿಗಿಳಿಯಿತು. ಶಿಪ್‌ಯಾರ್ಡ್ 1952ರಲ್ಲಿ ಸರಕಾರದ ಪಾಲುದಾರಿಕೆಯ ಹಿಂದುಸ್ತಾನ್ ಶಿಪ್‌ಯಾರ್ಡ್ ಆಯಿತು, 1961ರಲ್ಲಿ ಸಂಪೂರ್ಣ ಸರಕಾರದ ಒಡೆತನಕ್ಕೆ ಬಂತು. ಅದೇ ವರ್ಷ ಭಾರತೀಯ ನೌಕಾಯಾನ ನಿಗಮ ಜನಿಸಿತು. 1958ರ ವಾಣಿಜ್ಯ ನೌಕಾಯಾನ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದ ಹಡಗು ಭಾರತದ ಒಂದು ಬಂದರಿನಿಂದ ಇನ್ನೊಂದಕ್ಕೆ ಸರಕು ಒಯ್ಯುವಂತಿಲ್ಲವಾಯಿತು. ಕಾರ್ತಾಜಿನ ಕಾಲದಿಂದ ಪರರ ರಹದಾರಿಗೆ ಕೈಯೊಡ್ಡಿದ್ದ ತೀರ ಕೊನೆಗೂ ತಾನೇ ರಹದಾರಿ ನೀಡುವ ಅಧಿಕಾರ ಪಡೆಯಿತು. ಆದರೂ ಸಿಂಧಿಯಾ ಕಂಪನಿಗೆ ಕಾಲ ಒಲಿಯಲಿಲ್ಲ. ಇಂಚ್‌ಕೇಪನ ದಾಳಿಯನ್ನು ತಡೆದುನಿಂತ ಆ ಸಂಸ್ಥೆ 1980ರ ದಶಕದಲ್ಲಿ ಜಗತ್ತಿನ ನೌಕೋದ್ಯಮವನ್ನು ಆವರಿಸಿದ ಹಿಂಜರಿತದಲ್ಲಿ, ಸಾಲದ ಭಾರದಲ್ಲಿ ಕುಸಿಯಿತು. ಶತ್ರುವಿನಿಂದ ರಕ್ಷಿಸಬಲ್ಲ ಮೀಸಲು ಕಾಲದ ಪ್ರವಾಹದಿಂದ ಯಾರನ್ನೂ ರಕ್ಷಿಸದು.

ಇಷ್ಟರಲ್ಲಿ ಸಮುದ್ರದ ಮೇಲೆ ಇನ್ನೊಂದು ಶಾಸನ ಉದಯಿಸುತ್ತಿತ್ತು. ಅದು ಯಾವ ಧ್ವಜದ ಪರವೂ ಅಲ್ಲದ, ಸ್ವತಃ ಸಮುದ್ರದ ಪರವಾದ ಶಾಸನ. 1967ರ ಮಾರ್ಚಿನಲ್ಲಿ ಟೋರಿ ಕ್ಯಾನ್ಯನ್ ಎಂಬ ತೈಲನೌಕೆ ಇಂಗ್ಲೆಂಡಿನ ಕಾರ್ನ್‌ವಾಲ್ ತೀರದ ಬಂಡೆಗೆ ಬಡಿದು ಲಕ್ಷ ಟನ್ನಿಗೂ ಮಿಕ್ಕ ಕಚ್ಚಾತೈಲವನ್ನು ಕಕ್ಕಿದಾಗ ಜಗತ್ತು ಬೆಚ್ಚಿತು. ಆ ಆಘಾತದ ಫಲವಾಗಿ 1973ರಲ್ಲಿ ರೂಪುಗೊಂಡ, ಹಡಗುಗಳ ಮಾಲಿನ್ಯವನ್ನು ತಡೆಯುವ ಮಾರ್ಪೋಲ್ ಒಪ್ಪಂದ 1983ರಲ್ಲಿ ಜಾರಿಗೆ ಬಂತು. ಎಂಜಿನ್ ಕೋಣೆಯ ತಳದ ಎಣ್ಣೆನೀರನ್ನು ಕತ್ತಲಲ್ಲಿ ಕಡಲಿಗೆ ಸುರಿಯುವ ಹಳೆಯ ರೂಢಿ ಅಪರಾಧವಾಯಿತು; ದಶಲಕ್ಷ ಭಾಗಕ್ಕೆ 15 ಭಾಗಕ್ಕಿಂತ ಹೆಚ್ಚು ಎಣ್ಣೆಯಿರುವ ನೀರನ್ನು ಹೊರಬಿಡುವಂತಿಲ್ಲ. ಹಡಗಿನ ತಳಕ್ಕೆ ಚಿಪ್ಪುಜೀವಿಗಳು ಅಂಟದಂತೆ ಬಳಿಯುತ್ತಿದ್ದ ವಿಷಕಾರಿ ತವರಮಿಶ್ರಿತ ಬಣ್ಣಕ್ಕೆ 2008ರಲ್ಲಿ ಜಾಗತಿಕ ನಿಷೇಧ ಜಾರಿಯಾಯಿತು. ಸಮತೋಲನಕ್ಕೆ ತುಂಬಿಕೊಂಡ ನೀರಿನೊಡನೆ ಒಂದು ಸಾಗರದ ಜೀವಿ ಇನ್ನೊಂದು ಸಾಗರವನ್ನು ಆಕ್ರಮಿಸದಂತೆ ತಡೆಯುವ ಒಪ್ಪಂದ 2017ರಲ್ಲಿ ಜಾರಿಗೆ ಬಂತು. 2020ರ ಜನವರಿ 1ರಿಂದ ಹಡಗಿನ ಇಂಧನದಲ್ಲಿ ಗಂಧಕದ ಮಿತಿ ಶೇ 3.50ರಿಂದ ಶೇ 0.50ಕ್ಕೆ ಇಳಿಯಿತು. ಶಿಪ್‌ಯಾರ್ಡುಗಳೂ ಈ ಶಾಸನಕ್ಕೆ ಹೊರತಾಗಲಿಲ್ಲ. 1974ರ ಜಲಮಾಲಿನ್ಯ ಕಾಯಿದೆ, 1986ರ ಪರಿಸರ ಸಂರಕ್ಷಣಾ ಕಾಯಿದೆ, 1991ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಒಂದರ ಹಿಂದೊಂದು ಬಂದವು. ತುಕ್ಕು ಕೆರೆದ ಪುಡಿ, ಬಣ್ಣದ ಉಳಿಕೆ, ಹಳೆಯ ಎಣ್ಣೆ, ಎಲ್ಲಕ್ಕೂ ಲೆಕ್ಕ ಒಪ್ಪಿಸಬೇಕಾಯಿತು.

ಈ ನಿಯಮಗಳು ದೇಶೀಯ ಉದ್ಯಮಕ್ಕೆ ಭಾರವೆಂಬ ಕೂಗು ಎದ್ದದ್ದು ಸಹಜ. ಶುದ್ಧ ಇಂಧನ ದುಬಾರಿ, ನೀರು ಶುದ್ಧೀಕರಿಸುವ ಯಂತ್ರ ದುಬಾರಿ, ಅದೇ ಸರಕನ್ನು ಒಯ್ಯುವ ಲಾರಿಗೂ ರೈಲಿಗೂ ಆ ವೆಚ್ಚವಿಲ್ಲ. ಸಾಲದ್ದಕ್ಕೆ 2018ರ ಮೇ ತಿಂಗಳಲ್ಲಿ ಸರಕಾರ ಆಮದು-ರಫ್ತಿನ ಕಂಟೇನರುಗಳನ್ನು ನಮ್ಮ ಬಂದರುಗಳ ನಡುವೆ ಒಯ್ಯಲು ವಿದೇಶಿ ಹಡಗುಗಳಿಗೂ ದಾರಿ ಬಿಟ್ಟಿತು. ಆದರೆ ಇತಿಹಾಸದ ಮುಂದಿನ ತಿರುವು ನಮ್ಮ ಉಡುಪಿಯ ತೀರದಲ್ಲೇ ಕಾದಿತ್ತು. ದಿವಾಳಿಯಾಗಿ ಮೌನವಾಗಿದ್ದ ಮಲ್ಪೆಯ ಟೆಬ್ಮಾ ಶಿಪ್‌ಯಾರ್ಡನ್ನು 2020ರಲ್ಲಿ ಕೊಚ್ಚಿನ್ ಶಿಪ್‌ಯಾರ್ಡ್ ವಹಿಸಿಕೊಂಡಿತು. ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಎಂಬ ಹೊಸ ಹೆಸರಿನಲ್ಲಿ ಅದು ಮತ್ತೆ ಉಸಿರಾಡಿತು. 2023ರಲ್ಲಿ ನಾರ್ವೆಯ ವಿಲ್ಸನ್ ಕಂಪನಿ ಯುರೋಪಿನ ಕರಾವಳಿಯಲ್ಲಿ ಓಡಿಸಲು ತಲಾ 3,800 ಟನ್ ಸಾಮರ್ಥ್ಯದ, ಡೀಸೆಲ್-ಎಲೆಕ್ಟ್ರಿಕ್ ಚಾಲನೆಯ ಆರು ಸರಕುನೌಕೆಗಳ ಬೇಡಿಕೆಯನ್ನು ಈ ಶಿಪ್‌ಯಾರ್ಡಿಗೆ ಕೊಟ್ಟಿತು. ಜಗತ್ತಿನ ಅತಿ ಕಠಿಣ ಪರಿಸರ ನಿಯಮಗಳ ನೀರಿಗೆ ತುಳುನಾಡಿನ ದಡದಲ್ಲಿ ಕಟ್ಟಿದ ಹಡಗು! ದರದಲ್ಲಿ ಸೋತ ದೇಶಕ್ಕೆ ಶುದ್ಧತೆಯಲ್ಲಿ ಸ್ಪರ್ಧಿಸುವ ಅವಕಾಶ ದೊರೆತ ಕ್ಷಣವದು.

ನಿಯಮ ಸಡಿಲಿದರೆ ಬೆಲೆ ತೆರುವವರು ಯಾರೆಂಬುದನ್ನೂ ಕಾಲ ತಡಮಾಡದೆ ತೋರಿಸಿತು. 2025ರ ಮೇ 25ರಂದು ಕೇರಳದ ತೀರದಾಚೆ ಲೈಬೀರಿಯಾ ಧ್ವಜದ ಎಂಎಸ್‌ಸಿ ಎಲ್ಸಾ 3 ಹಡಗು 640 ಕಂಟೇನರುಗಳೊಡನೆ ಮುಳುಗಿತು. ಪ್ಲಾಸ್ಟಿಕ್ ಕಾಳುಗಳು ಮರಳತೀರಗಳನ್ನು ಮುತ್ತಿದವು, ಬೆಸ್ತರ ಬಲೆಗಳು ಬರಿದಾಗಿ ಒಣಗಿದವು. ಅದೇ ವರ್ಷ ಸಂಸತ್ತು ಕರಾವಳಿ ನೌಕಾಯಾನಕ್ಕೂ ವಾಣಿಜ್ಯ ನೌಕಾಯಾನಕ್ಕೂ ಹೊಸ ಕಾಯಿದೆಗಳನ್ನು ಅಂಗೀಕರಿಸಿ 1958ರ ಶಾಸನಕ್ಕೆ ವಿದಾಯ ಹೇಳಿತು.

ಅಬ್ಬಕ್ಕನಿಂದ ಚಿದಂಬರಂ ಪಿಳ್ಳೈ ಅವರವರೆಗೆ, ವಾಲ್‌ಚಂದ್‌ರಿಂದ ಮಲ್ಪೆಯ ಬೆಸುಗೆಗಾರನವರೆಗೆ ಸಾಗಿಬಂದ ಈ ಪರಂಪರೆಯ ತೀರ್ಪು ಸ್ಪಷ್ಟವಾಗಿದೆ. ನಮ್ಮ ನೀರಿನ ಮೇಲಿನ ಹಕ್ಕನ್ನು ಪೂರ್ವಜರು ಸೆರೆಮನೆಯ ಗಾಣದ ಬೆಲೆ ತೆತ್ತು ಗಳಿಸಿದರು. ಹೊಲಸು ಸುರಿಯುವ ಸ್ವಾತಂತ್ರ್ಯಕ್ಕಾಗಿ ಅವರು ಆ ಬೆಲೆ ತೆರಲಿಲ್ಲ. ಸ್ವದೇಶಿ ಹಡಗಿಗೆ ಸರಕಿನಲ್ಲಿ ಮೊದಲ ಪಾಲು ಬೇಕೆಂದು ಕೇಳುವ ಉದ್ಯಮಿಗಳು ಸ್ವದೇಶದ ಕಡಲನ್ನು ಕಾಯುವುದರಲ್ಲೂ ಮೊದಲಿಗರಾಗಬೇಕು. ಅವರಿಂದ ಆ ಶುದ್ಧತೆಯನ್ನು ನಿರೀಕ್ಷಿಸುವ ಸರಕಾರ ಅದರ ವೆಚ್ಚದಲ್ಲಿ ಪಾಲುದಾರನಾಗಬೇಕು. ಈ ತೀರದ ವಾರಸುದಾರರಾದ ನಾವು ಅವರಿಬ್ಬರಿಂದಲೂ ಈ ಲೆಕ್ಕವನ್ನು ಕೇಳುತ್ತಲೇ ಇರಬೇಕು.