ಆರಿದ ಅಣು ಮತ್ತೆ ಬೆಳಗಿತು

ನಿಮ್ಮ ಪ್ರಯೋಗಾಲಯದ ಸೂಕ್ಷ್ಮದರ್ಶಕಕ್ಕೊಂದು ಮಿತಿಯಿದೆ. ಸುಮಾರು 200 ನ್ಯಾನೊಮೀಟರ್‌ಗಿಂತ ಹತ್ತಿರವಿರುವ ಎರಡು ಚುಕ್ಕೆಗಳು ಬೆರೆತು ಒಂದೇ ಆಗಿ ಕಾಣುತ್ತವೆ. 1873ರಲ್ಲಿ ಜರ್ಮನಿಯ ಅರ್ನ್ಸ್ಟ್ ಅಬ್ಬೆ ವಿವರಿಸಿದ ಈ ಮಿತಿಯನ್ನು ದಾಟಲು ಮುಂದೆ ನೆರವಾದದ್ದು ಜೆಲ್ಲಿ ಮೀನಿನ ಒಂದು ಪ್ರೋಟೀನು!

ಹಸಿರಾಗಿ ಹೊಳೆಯುವ ಈ ಪ್ರೋಟೀನನ್ನು ಒಸಾಮು ಶಿಮೊಮುರಾ ಮತ್ತು ಸಂಗಡಿಗರು 1962ರಲ್ಲಿ ವರದಿ ಮಾಡಿದರು. ಅದರ ರಚನೆ ತಿಳಿದದ್ದು 1996ರಲ್ಲಿ. 238 ಅಮೈನೊ ಆಮ್ಲಗಳ ಸರಪಳಿ, 11 ಪಟ್ಟಿಗಳ ಪೀಪಾಯಿಯಂತೆ ಸುತ್ತಿಕೊಂಡಿದೆ. ಬೆಳಕು ಹೊಮ್ಮಿಸುವ ಭಾಗ ಅದರ ನಡುವೆ ಸುರಕ್ಷಿತವಾಗಿದೆ. ಸರಪಳಿಯ 65, 66, 67ನೆಯ ಅಮೈನೊ ಆಮ್ಲಗಳೇ ಬೆಸೆದು ಅದು ಉಂಟಾಗುತ್ತದೆ.

1997ರಲ್ಲಿ ಡಬ್ಲ್ಯು. ಇ. ಮೊರ್ನರ್ ಮತ್ತು ಸಂಗಡಿಗರು ಇದರ ರೂಪಾಂತರಗಳ ಬಿಡಿ ಅಣುಗಳನ್ನು ಗಮನಿಸುತ್ತಿದ್ದರು. ನೀಲಿ ಬೆಳಕಿನಲ್ಲಿ ಅವು ಮಿನುಗಿ ಮಿನುಗಿ ಆರಿಹೋದವು. ಕೆಟ್ಟವೆಂದು ಕೈಬಿಡಬಹುದಿತ್ತು. ಆದರೆ 405 ನ್ಯಾನೊಮೀಟರ್‌ನ ನೇರಳೆ ಬೆಳಕು ಬೀರಿದಾಗ ಅವು ಮತ್ತೆ ಬೆಳಗಿದವು. ಅಣುವಿಗೂ ಸ್ವಿಚ್ ಇತ್ತು!

ಇದರಿಂದೇನು ಪ್ರಯೋಜನ? ಎಲ್ಲ ಅಣುಗಳೂ ಒಮ್ಮೆಗೇ ಬೆಳಗಿದರೆ ಚಿತ್ರ ಮಸುಕಾಗುತ್ತದೆ. ಕೆಲವನ್ನಷ್ಟೇ ಬೆಳಗಿಸಿ, ಒಂದೊಂದರ ಸ್ಥಾನ ಗುರುತಿಸಿ, ಅವು ಆರಿದ ಮೇಲೆ ಬೇರೆ ಕೆಲವನ್ನು ಬೆಳಗಿಸಬೇಕು. ಕೊನೆಗೆ ಎಲ್ಲ ಚುಕ್ಕೆಗಳನ್ನೂ ಕೂಡಿಸಿದರೆ ಸ್ಪಷ್ಟ ಚಿತ್ರ ಸಿದ್ಧ. ಬೆಳಕಿನಿಂದಲೇ ಹೊತ್ತಿಸಬಲ್ಲ ಪ್ರೋಟೀನುಗಳನ್ನು ಬಳಸಿ ಎರಿಕ್ ಬೆಟ್ಜಿಗ್ ಮತ್ತು ಸಂಗಡಿಗರು 2006ರಲ್ಲಿ ಇದನ್ನು ಸಾಧಿಸಿದರು. ಬೇರೊಂದು ವಿಧಾನದಿಂದ ಅದೇ ಮಿತಿಯನ್ನು ದಾಟಿದ್ದ ಸ್ಟೀಫನ್ ಹೆಲ್ ಅವರೊಡನೆ ಬೆಟ್ಜಿಗ್ ಮತ್ತು ಮೊರ್ನರ್ 2014ರ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡರು.

ಕಾಲೇಜಿನಲ್ಲಿ ನಾನು, ಪುಸ್ತಕಕ್ಕೆ ಹೊಂದದ ಅಳತೆಯನ್ನು ರಬ್ಬರಿನಿಂದ ಅಳಿಸಿ ‘ಸರಿಯಾದದ್ದನ್ನು’ ಬರೆದದ್ದುಂಟು. ನೀವು ಹಾಗೆ ಮಾಡಬೇಡಿ. ಅಳಿಸುವ ಮೊದಲು ಇನ್ನೊಮ್ಮೆ ಬೆಳಕು ಹಾಯಿಸಿ ನೋಡಿ.